ಮೂರು ಮೀಟರ್ ಅಗಲದಲ್ಲಿ ಎಷ್ಟು ಜನ ಹಿಡಿಸುತ್ತಾರೆ?

ನಡೆಯುವವರೂ ಸೈಕಲ್‌ನವರೂ ಕೂಡಿ ಬಳಸುವ ದಾರಿಯಲ್ಲಿ ಹಿಂದಿನಿಂದ ಸೈಕಲ್ ಬೆಲ್ ಕೇಳಿಸಿದರೆ ಜನ ಏನು ಮಾಡುತ್ತಾರೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? ಇಬ್ಬರು ಮಾತಾಡುತ್ತಾ ಜೊತೆಯಾಗಿ ಹೋಗುತ್ತಿದ್ದಾರೆ ಅಂದುಕೊಳ್ಳಿ. ಬೆಲ್ ಕೇಳಿದ ತಕ್ಷಣ ಒಬ್ಬರು ಎಡಕ್ಕೆ ಹಾರುತ್ತಾರೆ, ಇನ್ನೊಬ್ಬರು ಬಲಕ್ಕೆ. ನಡುವೆ ಸೈಕಲ್ ಹೋಗುವಷ್ಟು ದಾರಿ ಬಿಡುತ್ತದೆ. ಸೈಕಲ್‌ನವರು ಸದ್ಯ ಅಂತ ಅದರೊಳಗೆ ನುಗ್ಗುವ ಹೊತ್ತಿಗೆ ಸರಿಯಾಗಿ, ಒಬ್ಬರಿಗೆ 'ಅಯ್ಯೋ, ನಾನೂ ಆ ಕಡೆಗೇ ಹೋಗಬೇಕಿತ್ತು' ಅನ್ನಿಸಿಬಿಡುತ್ತದೆ. ವಾಪಸ್ ಓಡಿ ಬರುತ್ತಾರೆ. ಆಮೇಲೆ ಬ್ರೇಕಿನ ಕೀಚಲು, ಒಂದು 'ಸಾರಿ', ಒಂದು ಗೊಣಗಾಟ.

ಅಮೆರಿಕದಲ್ಲಿ ಇಂಥ ದಾರಿಗೆ ಟ್ರೇಲ್ ಅನ್ನುತ್ತಾರೆ, ಅಲ್ಲಿ ಬೆಲ್ ಬದಲು ಬಾಯಲ್ಲೇ ಕೂಗಿ ಹೇಳುವ ರೂಢಿ ಇದೆ. ನಿಮ್ಮ ಎಡಗಡೆಯಿಂದ ಬರ್ತಿದ್ದೀನಿ ಅಂತ. ಕೇಳಿದವರಿಗೆ ಪೂರ್ತಿ ವಾಕ್ಯ ಮುಟ್ಟುವುದಿಲ್ಲ, 'ಎಡ' ಅನ್ನುವುದಷ್ಟೇ ಮುಟ್ಟುತ್ತದೆ. ಕಾಲು ತಾನಾಗಿಯೇ ಎಡಕ್ಕೆ ಹೋಗುತ್ತದೆ. ಅಲ್ಲೂ ಕಥೆ ಒಂದೇ.

ನಾನು ಎರಡೂ ಪಾರ್ಟಿಯವನು. ಬೆಳಿಗ್ಗೆ ನಡೆಯುತ್ತೇನೆ, ಕೆಲಸಕ್ಕೆ ಸೈಕಲ್ ತುಳಿಯುತ್ತೇನೆ. ನಡೆಯುವಾಗ ಸೈಕಲ್‌ನವರ ಮೇಲೆ ಸಿಟ್ಟು ಬರುತ್ತದೆ. ಏನು ಇವರಪ್ಪನ ರಸ್ತೆನಾ ಅನ್ನಿಸುತ್ತದೆ. ತುಳಿಯುವಾಗ ನಡೆಯುವವರ ಮೇಲೆ ಅದೇ ಸಿಟ್ಟು, ಅದೇ ಪ್ರಶ್ನೆ. ದಾರಿ ಅದೇ, ಮನುಷ್ಯನೂ ಅದೇ. ಹಾಗಿದ್ದಮೇಲೆ ಇದು ಜನರ ಗುಣದ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಈ ದಾರಿಗಳ ಬಗ್ಗೆ ಮಾತು ಎತ್ತಿದರೆ ಸಾಕು, ಎಲ್ಲರೂ ಶಿಸ್ತಿನ ಪಾಠಕ್ಕೆ ಶುರು ಮಾಡುತ್ತಾರೆ. ಎಡಕ್ಕೆ ಹೋಗಿ, ಬೆಲ್ ಹೊಡೆಯಿರಿ, ಇಯರ್‌ಫೋನ್ ತೆಗೆಯಿರಿ, ನಾಯಿ ಹಿಡಿದುಕೊಳ್ಳಿ. ಎಲ್ಲಾ ಸರಿ. ಆದರೆ ಟೇಪ್ ಹಿಡಿದು ಅಳೆದವರು ಕಡಿಮೆ.

ಅಳೆದು ನೋಡೋಣ. ಸೈಕಲ್ ಹ್ಯಾಂಡಲ್ ಅಗಲ ಸುಮಾರು 60ರಿಂದ 65 ಸೆಂಟಿಮೀಟರ್. ಆದರೆ ಸೈಕಲ್ ಗೆರೆ ಎಳೆದ ಹಾಗೆ ನೇರ ಹೋಗುವುದಿಲ್ಲ. ಪ್ರತಿ ತುಳಿತಕ್ಕೂ ಸ್ವಲ್ಪ ಆಚೆ, ಸ್ವಲ್ಪ ಈಚೆ ವಾಲುತ್ತದೆ. ನಿಧಾನ ಹೋದಷ್ಟೂ ವಾಲಾಟ ಜಾಸ್ತಿ. ('ಸ್ವಲ್ಪ ನಿಧಾನಕ್ಕೆ ಹೋಗಬಾರದಾ' ಅಂತ ಬೈಯುವವರು ಇದನ್ನು ಗಮನಿಸಬೇಕು. ನಡಿಗೆಯ ವೇಗಕ್ಕೆ ಇಳಿದ ಸೈಕಲ್‌ಗೆ ಇನ್ನೂ ಹೆಚ್ಚು ಅಗಲ ಬೇಕು.) ವಾಲಾಟ ಸೇರಿಸಿದರೆ ಒಂದು ಸೈಕಲ್‌ಗೆ ಹತ್ತಿರ ಹತ್ತಿರ ಒಂದು ಮೀಟರ್. ಜೊತೆಯಾಗಿ ನಡೆಯುವ ಇಬ್ಬರಿಗೆ ಒಂದೂಕಾಲು, ಒಂದೂವರೆ ಮೀಟರ್. ಈಗ ಹಿಂದಿನಿಂದ ಒಂದು ಸೈಕಲ್, ಎದುರಿನಿಂದ ಇನ್ನೊಂದು ಸೈಕಲ್ ಬಂದು, ಎರಡೂ ಈ ಇಬ್ಬರ ಪಕ್ಕದಲ್ಲೇ ಸಂಧಿಸಿದವು ಅನ್ನಿ. ಕೂಡಿಸಿದರೆ ಮೂರೂಕಾಲು ಮೀಟರ್ ದಾಟಿತು. ಯಾರಿಗೂ ಯಾರೂ ತಗುಲಬಾರದು ಅಂತ ಬಿಡುವ ಸಂದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಡಾಂಬರಿನ ತೀರಾ ಅಂಚಿನಲ್ಲಿ ಯಾರೂ ತುಳಿಯುವುದಿಲ್ಲ, ಅದೂ ಬಂದಿಲ್ಲ.

ಈ ಥರದ ಬಹುತೇಕ ದಾರಿಗಳ ಅಗಲ ಎಷ್ಟು ಗೊತ್ತಾ? ಅಮೆರಿಕದ ವಿನ್ಯಾಸಕರು ಕೈಪಿಡಿಯಂತೆ ಇಟ್ಟುಕೊಳ್ಳುವ ಆಶ್ಟೋ (ಅಲ್ಲಿನ ರಾಜ್ಯಗಳ ಹೆದ್ದಾರಿ, ಸಾರಿಗೆ ಅಧಿಕಾರಿಗಳ ಸಂಘ) ಮಾರ್ಗದರ್ಶಿಯ 2012ರ ಆವೃತ್ತಿ ಹೇಳುವ ಕನಿಷ್ಠ ಅಗಲ 10 ಅಡಿ. ಅಂದರೆ ಮೂರು ಮೀಟರ್. ಜಾಗ ತೀರಾ ಇಕ್ಕಟ್ಟಾದ ಕಡೆ 8 ಅಡಿಗೂ ಒಪ್ಪಿಗೆ ಇದೆ. ಜನ ಜಾಸ್ತಿ ಇರುವಲ್ಲಿ 11ರಿಂದ 14 ಅಡಿ ಮಾಡಿ ಅಂತಲೂ ಅದೇ ಪುಸ್ತಕ ಹೇಳುತ್ತದೆ. ಆದರೆ ಕನಿಷ್ಠ ಅಂತ ಬರೆದಿದ್ದನ್ನು ಕಟ್ಟುವವರು ಗರಿಷ್ಠ ಅಂತ ಓದಿಕೊಳ್ಳುವುದು ಎಲ್ಲಾ ಊರಲ್ಲೂ ಇರುವ ಕಾಯಿಲೆ. ಹಾಗಾಗಿ ಇಬ್ಬರು ಗೆಳತಿಯರು ಮತ್ತು ಎರಡು ಸೈಕಲ್, ಅಷ್ಟೇ, ದಾರಿ ಫುಲ್. ಇನ್ನು ಐದು ಮೀಟರ್ ಬಿಚ್ಚಿಕೊಳ್ಳುವ ನಾಯಿಯ ಹಗ್ಗ ಬಂದರೆ ಕೇಳಲೇಬೇಡಿ. ದಾರಿಗಿಂತ ಹಗ್ಗವೇ ಉದ್ದ.

ವೇಗದ ಲೆಕ್ಕ ಇನ್ನೂ ಮಜಾ ಇದೆ. ನಡೆಯುವವರದ್ದು ಗಂಟೆಗೆ ಐದು ಕಿಲೋಮೀಟರ್ ಆಸುಪಾಸು. ಆರಾಮಾಗಿ ತುಳಿಯುವ ಸೈಕಲ್‌ನದ್ದು ಇಪ್ಪತ್ತು ಅನ್ನೋಣ. ಹಿಂದಿನಿಂದ ಬಂದರೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಸ್ವಲ್ಪ ಜಾಸ್ತಿ ಹತ್ತಿರವಾಗುತ್ತಾ ಬರುತ್ತದೆ. ಇಪ್ಪತ್ತು ಮೀಟರ್ ದೂರದಲ್ಲಿ ಬೆಲ್ ಹೊಡೆದರೆ ನಡೆಯುವವರಿಗೆ ಐದು ಸೆಕೆಂಡೂ ಸಿಗುವುದಿಲ್ಲ. ಅಷ್ಟರಲ್ಲಿ ಕೇಳಿಸಬೇಕು, ತಲೆಗೆ ಹೋಗಬೇಕು, ಯಾವ ಕಡೆ ಅಂತ ತೀರ್ಮಾನ ಆಗಬೇಕು, ಪಕ್ಕದವರ ತೀರ್ಮಾನವೂ ಅದೇ ಆಗಬೇಕು. ಅದಕ್ಕೆ ಆ ಹಾರಾಟ. ಹತ್ತಿರ ಬಂದು ಬೆಲ್ ಹೊಡೆದರೆ ಗಾಬರಿ, ದೂರದಿಂದ ಹೊಡೆದರೆ ಕೇಳಿಸುವುದಿಲ್ಲ. ಹೊಡೆಯದೇ ಹೋದರೆ ಬೈಗುಳ, ಹೊಡೆದರೂ ಬೈಗುಳ.

ಇದನ್ನೇ ಯೋಚಿಸಿ ಕೆಲವು ದೇಶಗಳು ಬೇರೆ ದಾರಿ ಹಿಡಿದಿವೆ. ನೆದರ್‌ಲ್ಯಾಂಡ್ಸ್‌ನ ಊರುಗಳಲ್ಲಿ ಸೈಕಲ್ ದಾರಿ ಅಂದರೆ ಸೈಕಲ್ ದಾರಿ, ಫುಟ್‌ಪಾತ್ ಬೇರೆ. ಫುಟ್‌ಪಾತ್ ಇಲ್ಲದ ಕಡೆ ಮಾತ್ರ ನಡೆಯುವವರು ಸೈಕಲ್ ದಾರಿಯಲ್ಲಿ ಹೋಗಬಹುದು ಅಂತ ಅವರ ನಿಯಮ. ಬ್ರಿಟನ್ನಿನಲ್ಲಿ 2020ರಲ್ಲಿ ಬಂದ ಸರ್ಕಾರಿ ಮಾರ್ಗದರ್ಶಿ, ಸೈಕಲ್ ಒಂದು ವಾಹನ, ಅದನ್ನು ಪಾದಚಾರಿ ಥರ ನೋಡಬೇಡಿ ಅಂತ ಬಿಡಿಸಿ ಹೇಳಿತು. ಊರೊಳಗಿನ ಬೀದಿಗಳಲ್ಲಿ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ತುರುಕುವುದು ಬೇಡ ಅಂತ. ಜರ್ಮನಿಯಲ್ಲಿ ಎರಡೂ ಇವೆ, ಫಲಕ ನೋಡಿಯೇ ತಿಳಿದುಕೊಳ್ಳಬೇಕು. ಎರಡೂ ದುಂಡನೆಯ ನೀಲಿ ಫಲಕಗಳೇ. ಒಂದರಲ್ಲಿ ಮಗುವಿನ ಕೈ ಹಿಡಿದವರ ಚಿತ್ರ ಮೇಲೆ, ಸೈಕಲ್ ಕೆಳಗೆ, ನಡುವೆ ಅಡ್ಡಗೆರೆ. ಅದು ಕೂಡಿ ಬಳಸುವ ದಾರಿ. ಇನ್ನೊಂದರಲ್ಲಿ ಅವೇ ಚಿತ್ರಗಳು ಅಕ್ಕಪಕ್ಕ, ನಡುವೆ ಉದ್ದಗೆರೆ. ಅದು ಪಾಲು ಮಾಡಿದ ದಾರಿ. ಗೆರೆ ತಿರುಗಿತು ಅಂದರೆ ಹಕ್ಕೇ ಬದಲಾಯಿತು. ಸೈಕಲ್ ಮೇಲೆ ಹೋಗುತ್ತಾ ಗೆರೆ ಅಡ್ಡ ಇತ್ತೋ ಉದ್ದ ಇತ್ತೋ ಅಂತ ನೆನಪಿಟ್ಟುಕೊಳ್ಳುವವರು ಎಷ್ಟು ಜನ ಇದ್ದಾರೋ!

ಬ್ರಿಟನ್ನಿನ ಪಾಲು ಮಾಡಿದ ದಾರಿಗಳಲ್ಲಿ ನನಗೆ ಇಷ್ಟವಾದ ಒಂದು ಸಣ್ಣ ಸಂಗತಿ ಇದೆ. ದಾರಿ ಶುರುವಾಗುವಲ್ಲಿ ನೆಲಕ್ಕೆ ಉಬ್ಬು ಪಟ್ಟಿಗಳಿರುವ ಕಲ್ಲು ಹಾಸಿರುತ್ತಾರೆ. ನಡೆಯುವವರ ಕಡೆ ಪಟ್ಟಿಗಳು ಅಡ್ಡಡ್ಡ, ಏಣಿಯ ಮೆಟ್ಟಿಲಿನ ಹಾಗೆ. ಸೈಕಲ್ ಕಡೆ ಉದ್ದುದ್ದ. ಕಣ್ಣು ಕಾಣದವರು ಕೋಲು ಆಡಿಸಿ, ಅಡ್ಡ ಪಟ್ಟಿ ಸಿಕ್ಕಿತು, ಇದು ನನ್ನ ಕಡೆ ಅಂತ ತಿಳಿಯುತ್ತಾರೆ. ಅದೇ ಅಡ್ಡ ಪಟ್ಟಿಯ ಮೇಲೆ ಸೈಕಲ್ ಹೋದರೆ ಗಡಗಡ ಅನ್ನುತ್ತದೆ, ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ. ಪೊಲೀಸ್ ಬೇಡ, ದಂಡ ಬೇಡ, ಬುದ್ಧಿವಾದ ಬೇಡ. ಒಂದು ಕಲ್ಲು ಯಾವ ಕಡೆ ತಿರುಗಿದೆ ಅನ್ನುವುದಷ್ಟೇ.

ಹಾಗಾದರೆ ಎಲ್ಲಾ ಕಡೆ ಅಗಲ ಮಾಡಿ, ಪಾಲು ಮಾಡಿ ಮುಗಿಸಬಹುದಲ್ವಾ? ಇಲ್ಲೇ ಇರುವುದು ಸಮಸ್ಯೆ. ಈ ದಾರಿಗಳಿಗೆ ಜಾಗ ಎಲ್ಲಿಂದ ಬಂತು ಅಂತ ನೋಡಿದರೆ ಗೊತ್ತಾಗುತ್ತದೆ. ಯಾವ ನಗರವೂ ಹೊಸದಾಗಿ ಕೂತು, ನಡೆಯುವವರಿಗೂ ಸೈಕಲ್‌ನವರಿಗೂ ಇಷ್ಟು ಜಾಗ ಅಂತ ಮೊದಲೇ ತೆಗೆದಿಟ್ಟಿದ್ದು ಬಹಳ ಅಪರೂಪ. ಮುಚ್ಚಿಹೋದ ರೈಲು ಹಳಿ, ದೋಣಿ ನಿಂತುಹೋದ ಕಾಲುವೆಯ ದಂಡೆ, ಮಳೆನೀರಿನ ಚರಂಡಿಯ ಪಕ್ಕದ ಪಟ್ಟಿ, ಹೈಟೆನ್ಷನ್ ತಂತಿಯ ಕೆಳಗಿನ ನೆಲ. ಬೇರೆ ಯಾರಿಗೂ ಬೇಡವಾಗಿ ಉಳಿದ ಜಾಗ. ಹಳಿ ಎಷ್ಟು ಅಗಲ ಇತ್ತೋ ದಾರಿಯೂ ಅಷ್ಟೇ. ಸೇತುವೆ ಕೆಳಗೆ ಕಾಲುವೆಯ ದಂಡೆ ಎಷ್ಟು ಕಿರಿದೋ ಅಲ್ಲಿ ನಾವೂ ಅಷ್ಟೇ ಕಿರಿದಾಗಬೇಕು.

ಆದರೆ ಉಳಿದ ಜಾಗವೇ ಆದರೂ ಅದೂ ಸುಮ್ನೆ ಬಂದಿಲ್ಲ. ಶಿಕಾಗೊ ಪಕ್ಕದ ಊರುಗಳಿಗೆ ಒಂದು ಎಲೆಕ್ಟ್ರಿಕ್ ರೈಲು ಓಡುತ್ತಿತ್ತು. 1957ರಲ್ಲಿ ಅದರ ಪ್ರಯಾಣಿಕರ ಓಡಾಟ ನಿಂತಿತು. ಆರು ವರ್ಷ ಆದಮೇಲೆ, 1963ರಲ್ಲಿ, ಮೇ ಥೈಲ್‌ಗಾರ್ಡ್ ವಾಟ್ಸ್ ಅನ್ನುವ ಪ್ರಕೃತಿ ಅಧ್ಯಯನದ ಮೇಷ್ಟ್ರಮ್ಮ ಶಿಕಾಗೊ ಟ್ರಿಬ್ಯೂನ್ ಪತ್ರಿಕೆಗೆ ಒಂದು ಪತ್ರ ಬರೆದರು. ಅವರಿಗೆ ಆಗ ಎಪ್ಪತ್ತು ವರ್ಷ. ಆ ಹಳಿ ಇದ್ದ ಜಾಗವನ್ನು ನಡೆಯುವವರಿಗೆ, ಸೈಕಲ್‌ನವರಿಗೆ ಬಿಡಬಹುದು, ಬುಲ್ಡೋಜರ್‌ಗಳು ಬರುವ ಮೊದಲೇ ಏನಾದರೂ ಮಾಡಬೇಕು ಅನ್ನುವುದು ಅವರ ವಾದ. ಅಲ್ಲಿಂದ ಹುಟ್ಟಿದ್ದು ಇಲಿನಾಯ್ ಪ್ರೇರಿ ಪಾತ್. ಇವತ್ತು ಅದು ಕವಲುಗಳೂ ಸೇರಿ ನೂರು ಕಿಲೋಮೀಟರ್ ಹತ್ತಿರ ಇದೆ. ಹಳೇ ಹಳಿಯನ್ನು ದಾರಿ ಮಾಡುವ ಯೋಚನೆ ಅಮೆರಿಕದಲ್ಲಿ ಬೇರು ಬಿಟ್ಟಿದ್ದರಲ್ಲಿ ಆ ಒಂದು ಪತ್ರದ ಪಾಲು ದೊಡ್ಡದು.

ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯ. ವಾಷಿಂಗ್ಟನ್‌ನಿಂದ ಹೊರಡುವ ಚೆಸಪೀಕ್-ಒಹಾಯೊ ಕಾಲುವೆಯಲ್ಲಿ 1924ರ ಹೊತ್ತಿಗೆ ದೋಣಿ ನಿಂತಿತ್ತು. ದೋಣಿ ಎಳೆಯುವ ಹೇಸರಗತ್ತೆಗಳು ನಡೆಯುತ್ತಿದ್ದ ದಂಡೆ ಹಾಗೇ ಉಳಿದಿತ್ತು. ಆ ಗುಂಟ ಕಾರುಗಳಿಗೆ ರಸ್ತೆ ಮಾಡುವ ಯೋಜನೆ ಬಂತು. 1954ರಲ್ಲಿ ವಾಷಿಂಗ್ಟನ್ ಪೋಸ್ಟ್ ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದಕ್ಕೆ ವಾದ ಮಾಡಲು ಹೋಗಲಿಲ್ಲ. ಬನ್ನಿ, ನನ್ನ ಜೊತೆ ನಡೆಯಿರಿ, ಆಮೇಲೆ ಮಾತಾಡೋಣ ಅಂತ ಸಂಪಾದಕರನ್ನೇ ಕರೆದರು. ಹೊರಟೂ ಬಿಟ್ಟರು. ಹತ್ತಿರ ಹತ್ತಿರ 300 ಕಿಲೋಮೀಟರ್ ದಾರಿ. ಹೊರಟವರೆಲ್ಲ ಕೊನೆ ಮುಟ್ಟಲಿಲ್ಲ, ಆದರೆ ಪತ್ರಿಕೆ ತನ್ನ ನಿಲುವು ಬದಲಿಸಿತು. ಕಾರು ರಸ್ತೆ ಬರಲಿಲ್ಲ. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಈಗ ಅಲ್ಲಿ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ನ್ಯಾಯಾಧೀಶರು ತೀರ್ಪು ಬರೆಯುವ ಬದಲು ಬೂಟು ಕಟ್ಟಿಕೊಂಡ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1977ರಲ್ಲಿ ಶುರುವಾದ ಸೈಕಲ್‌ಬ್ಯಾಗ್ ಅನ್ನುವ ಗುಂಪು ಪತ್ರವನ್ನೂ ಬರೆಯಲಿಲ್ಲ, ನಡಿಗೆಗೂ ಕರೆಯಲಿಲ್ಲ. ಸಲಿಕೆ ಹಿಡಿಯಿತು. ಬ್ರಿಸ್ಟಲ್ ಮತ್ತು ಬಾತ್ ನಡುವಿನ ಮುಚ್ಚಿದ ಹಳಿಯ ಮೇಲೆ 1979ರಲ್ಲಿ ಮೊದಲ ತುಂಡನ್ನು ಸ್ವಯಂಸೇವಕರೇ ಹಾಕಿದರು. 1986ಕ್ಕೆ 21 ಕಿಲೋಮೀಟರ್ ಪೂರ್ತಿಯಾಯಿತು. ಆ ಗುಂಪೇ ಮುಂದೆ ಸಸ್ಟ್ರಾನ್ಸ್ ಆಗಿ ಇಡೀ ದೇಶಕ್ಕೆ ಸೈಕಲ್ ದಾರಿಯ ಜಾಲ ಹೆಣೆಯಿತು.

ಹಳೇ ರೈಲು ದಾರಿಯಲ್ಲಿ ಒಂದು ಸಲ ತುಳಿದವರಿಗೆ ಬೇರೆ ದಾರಿ ರುಚಿಸುವುದು ಕಷ್ಟ. ಕಾರಣ ಸಿಂಪಲ್. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುತ್ತದೆ, ಹೆಚ್ಚು ಏರಿದ್ದರೆ ರೈಲು ಹತ್ತುವುದೇ ಇಲ್ಲ. ಅದಕ್ಕೆ ಆ ಕಾಲದ ಎಂಜಿನಿಯರ್‌ಗಳು ಗುಡ್ಡ ಕಡಿದು, ತಗ್ಗು ತುಂಬಿ, ಸುರಂಗ ಕೊರೆದು, ನೂರು ಮೀಟರಿಗೆ ಒಂದೆರಡು ಮೀಟರಿಗಿಂತ ಹೆಚ್ಚು ಏರದ ಹಾಗೆ ನೋಡಿಕೊಂಡರು. ತಿರುವುಗಳೂ ವಿಶಾಲ. ಅವರು ಇದನ್ನೆಲ್ಲ ಮಾಡಿದ್ದು ಕಲ್ಲಿದ್ದಲು ಸಾಗಿಸಲಿಕ್ಕೆ. ಲಾಭ ಆಗಿದ್ದು ಮಂಡಿನೋವಿನ ಅಜ್ಜನಿಗೆ, ವೀಲ್‌ಚೇರ್‌ನವರಿಗೆ, ಈಗಷ್ಟೇ ಸೈಕಲ್ ಕಲಿತ ಮಗುವಿಗೆ. ಮೇಲಾಗಿ ರೈಲು ದಾರಿ ಎಷ್ಟೋ ಕಡೆ ರಸ್ತೆಗಳನ್ನು ಸೇತುವೆ ಮೇಲೋ ಕೆಳಗೋ ದಾಟುತ್ತಿತ್ತು. ಹಾಗಾಗಿ ಸಿಗ್ನಲ್‌ಗೆ ಕಾಯುವ ಕೆಲಸವೂ ಕಡಿಮೆ. ಇಷ್ಟು ದುಬಾರಿ ನೆಲಗೆಲಸವನ್ನು ಇವತ್ತು ಯಾವ ನಗರಸಭೆಯೂ ಸೈಕಲ್‌ಗೋಸ್ಕರ ಮಾಡುವುದಿಲ್ಲ.

ಆದರೆ ಉಳಿದ ಜಾಗಕ್ಕೆ ಅದರದ್ದೇ ಗ್ರಹಚಾರ ಇದೆ. ಮೊದಲನೆಯದು, ಅದು ನಮಗೆ ಬೇಕಾದ ಕಡೆ ಹೋಗುವುದಿಲ್ಲ, ತನಗೆ ಬೇಕಾದ ಕಡೆ ಹೋಗುತ್ತದೆ. ರೈಲು ಕಾರ್ಖಾನೆಗಳ ಹಿಂಬಾಗಿಲಿಗೆ ಹೋಗುತ್ತಿತ್ತು. ಕಾಲುವೆ ಗೋದಾಮುಗಳ ಹಿಂದೆ ಹರಿಯುತ್ತಿತ್ತು. ಇಂಥ ದಾರಿಯಲ್ಲಿ ಹೋದರೆ ಊರಿನ ಬೆನ್ನು ಕಾಣುತ್ತದೆ. ಒಣಗಲು ಹಾಕಿದ ಬಟ್ಟೆ, ಎಸಿಯ ಪೆಟ್ಟಿಗೆಗಳು, ಮುರಿದ ಕುರ್ಚಿ, ಯಾರದೋ ಮನೆಯ ಹಿತ್ತಲ ಗೋಡೆ. ಹಗಲು ಅದೇ ಒಂದು ಸೊಗಸು. ರಾತ್ರಿ ಮಾತ್ರ ಬೇರೆ ಕಥೆ. ಅಕ್ಕಪಕ್ಕ ಅಂಗಡಿ ಇಲ್ಲ, ಮನೆಯ ಕಿಟಕಿ ಈ ಕಡೆ ತೆರೆಯುವುದಿಲ್ಲ, ಎರಡೂ ಕಡೆ ಬೇಲಿ. ನಡುವೆ ಎಲ್ಲೂ ಹೊರಗೆ ಹೋಗಲು ದಾರಿ ಇಲ್ಲ. ಕೆಲಸ ಮುಗಿಸಿ ಏಳೂವರೆಗೆ ಒಬ್ಬಳೇ ಹೊರಟ ಹೆಣ್ಣುಮಗಳು ಆ ದಾರಿ ಬಿಟ್ಟು ಲಾರಿ ಓಡಾಡುವ ರಸ್ತೆಗೇ ಸೈಕಲ್ ತಿರುಗಿಸುತ್ತಾಳೆ. ನಕ್ಷೆಯಲ್ಲಿ ಸುರಕ್ಷಿತ ದಾರಿ ಅಂತ ಹಸಿರು ಗೆರೆ ಇರುತ್ತದೆ. ಕತ್ತಲಾದ ಮೇಲೆ ಆ ಗೆರೆಯನ್ನು ಅರ್ಧ ಊರಿಗೆ ಅಳಿಸಿಬಿಡಬೇಕು. ಬರೀ ದೀಪ ಹಾಕಿದರೆ ಇದು ಪರಿಹಾರ ಆಗುವುದಿಲ್ಲ. ದೀಪ ಬೇಕು, ನಿಜ. ಅದಕ್ಕಿಂತ ಹೆಚ್ಚಾಗಿ ಬೇಕಾದ್ದು ಪಕ್ಕದ ಬೀದಿಗಳಿಗೆ ಆಗಾಗ ತೆರೆದುಕೊಳ್ಳುವ ಬಾಯಿಗಳು, ಯಾರಾದರೂ ನೋಡುತ್ತಿರುತ್ತಾರೆ ಅನ್ನುವ ಧೈರ್ಯ.

ಎರಡನೆಯದು, ಯಾರಿಗೂ ಬೇಡದ ಜಾಗ ಯಾವತ್ತಾದರೂ ಯಾರಿಗಾದರೂ ಬೇಕಾಗುತ್ತದೆ. ಅದೇ ಬ್ರಿಸ್ಟಲ್-ಬಾತ್ ದಾರಿಯ ಒಂದು ಭಾಗದಲ್ಲಿ ಬಸ್ ಓಡಿಸುವ ಯೋಜನೆ 2008ರಲ್ಲಿ ಬಂತು. ಜನ ಗಲಾಟೆ ಮಾಡಿದರು, ಅದು ಕೈಬಿಟ್ಟುಹೋಯಿತು. ಅಮೆರಿಕದಲ್ಲಂತೂ 1983ರಿಂದ ಕಾನೂನೇ ಹಾಗಿದೆ. ರೈಲು ನಿಂತ ದಾರಿಯನ್ನು ಟ್ರೇಲ್ ಮಾಡಿಕೊಳ್ಳಬಹುದು, ಆದರೆ ಮುಂದೆ ಯಾವತ್ತಾದರೂ ರೈಲು ಮತ್ತೆ ಬೇಕಾದರೆ ಬಿಟ್ಟುಕೊಡಬೇಕು. ಇದಕ್ಕೆ ಅವರು ಇಟ್ಟ ಹೆಸರು ರೈಲ್‌ಬ್ಯಾಂಕಿಂಗ್. ಅಕ್ಕಪಕ್ಕದ ಜಮೀನಿನವರು, ರೈಲು ಹೋದಮೇಲೆ ನೆಲ ನಮ್ಮದು ಅಂತ ಕೋರ್ಟಿಗೆ ಹೋದರು. 1990ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ನನಗೆ ಈ ಕಾನೂನಿನ ಬಗ್ಗೆ ತಕರಾರಿಲ್ಲ, ಅದಿಲ್ಲದಿದ್ದರೆ ಆ ಪಟ್ಟಿಗಳೆಲ್ಲ ತುಂಡು ತುಂಡಾಗಿ ಮಾರಾಟವಾಗಿರುತ್ತಿದ್ದವು. ಆದರೆ ಕಾರುಗಳ ಹೆದ್ದಾರಿಗೆ ಯಾರೂ ಇಂಥ ಷರತ್ತು ಹಾಕುವುದಿಲ್ಲ ಅನ್ನುವುದೂ ನಿಜ ತಾನೇ?

ಮೂರನೆಯದು ಗೆದ್ದ ದಾರಿಗಳಿಗೆ ಬರುವ ಕಷ್ಟ. ಅಟ್ಲಾಂಟಾದಲ್ಲಿ ರಯಾನ್ ಗ್ರಾವೆಲ್ ಅನ್ನುವ ವಿದ್ಯಾರ್ಥಿ 1999ರಲ್ಲಿ ತನ್ನ ಪ್ರಬಂಧದಲ್ಲಿ ಊರ ಸುತ್ತ ಇದ್ದ ಹಳೇ ಹಳಿಗಳನ್ನು ಸೇರಿಸಿ ಒಂದು ಉಂಗುರ ಮಾಡಬಹುದು ಅಂದ. ಸುಮಾರು 35 ಕಿಲೋಮೀಟರ್. ಅವನ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದದ್ದು ರೈಲು. ಮೊದಲು ಬಂದದ್ದು ನಡೆಯುವ, ಸೈಕಲ್ ತುಳಿಯುವ ದಾರಿ. ಪೂರ್ವದ ಭಾಗ 2012ರಲ್ಲಿ ತೆರೆಯಿತು, ಜನ ಮುಗಿಬಿದ್ದರು. ಜೊತೆಗೆ ಅಕ್ಕಪಕ್ಕದ ಮನೆಗಳ ಬೆಲೆ, ಬಾಡಿಗೆ ಏರಿತು. ಹಳಿ ಓಡುತ್ತಿದ್ದ ಕಾಲದಿಂದ ಗಲಾಟೆ, ಹೊಗೆ ಸಹಿಸಿಕೊಂಡು ಅಲ್ಲೇ ಇದ್ದವರಲ್ಲಿ ಎಷ್ಟೋ ಜನ, ದಾರಿ ಚೆಂದ ಆದಮೇಲೆ ಅಲ್ಲಿ ಇರಲಾಗದೆ ಹೋದರು. ಇದಕ್ಕೆ ದಾರಿಯನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ನಡೆಯಲು ಒಂದು ಒಳ್ಳೆಯ ಜಾಗ ಅನ್ನುವುದು ಅಷ್ಟು ಅಪರೂಪ ಆಗಿರುವುದಕ್ಕೇ ಅದಕ್ಕೆ ಅಷ್ಟು ಬೆಲೆ. ಎಲ್ಲಾ ಬಡಾವಣೆಯಲ್ಲೂ ಒಂದಿದ್ದರೆ ಅದನ್ನು ತೋರಿಸಿ ಯಾರು ಬಾಡಿಗೆ ಏರಿಸುತ್ತಿದ್ದರು?

ಎಲ್ಲಕ್ಕಿಂತ ದೊಡ್ಡ ತಲೆನೋವು ಅಂದರೆ ನಡುವೆ ತಪ್ಪಿಹೋದ ಕೊಂಡಿ. ಸಿಯಾಟಲ್‌ನ ಬರ್ಕ್-ಗಿಲ್ಮನ್ ಟ್ರೇಲ್ 1978ರಲ್ಲಿ ತೆರೆದದ್ದು, ನಗರದ ಟ್ರೇಲ್‌ಗಳಲ್ಲಿ ಹೆಸರುವಾಸಿ. ಬ್ಯಾಲಾರ್ಡ್ ಅನ್ನುವ ಕಡೆ, ಬಂದರಿನ ಕೆಲಸ ನಡೆಯುವ ಜಾಗದಲ್ಲಿ, ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ಒಂದು ತುಂಡು ಮಾತ್ರ ಇಲ್ಲ. ಆ ಒಂದು ತುಂಡಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೋರ್ಟು, ವರದಿ, ಮೇಲ್ಮನವಿ. ಅಲ್ಲಿನ ವ್ಯಾಪಾರದವರದ್ದೂ ಒಂದು ಮಾತಿದೆ. ಲಾರಿಗಳು ಗೇಟಿನಿಂದ ರಿವರ್ಸ್ ಬರುವ ಜಾಗದಲ್ಲಿ ಸೈಕಲ್ ಬಂದರೆ ಹೇಗೆ ಅಂತ. ಅದನ್ನು ತಳ್ಳಿಹಾಕಲಾಗುವುದಿಲ್ಲ. ಆದರೆ ಕೊಂಡಿ ಇಲ್ಲದಿದ್ದರೆ ಜನ ಹೋಗುವುದಿಲ್ಲ ಅಂದುಕೊಂಡರೆ ತಪ್ಪು. ಹೋಗುತ್ತಾರೆ, ಅದೇ ಲಾರಿಗಳ ನಡುವೆ, ರಸ್ತೆ ಮೇಲಿನ ಹಳಿಗೆ ಚಕ್ರ ಸಿಕ್ಕಿಸಿಕೊಂಡು ಬೀಳುತ್ತಾ ಹೋಗುತ್ತಾರೆ. ಒಂದು ದಾರಿ ಮೂವತ್ತು ಕಿಲೋಮೀಟರ್ ಎಷ್ಟೇ ಚೆನ್ನಾಗಿರಲಿ, ಮಗುವನ್ನು ಕರೆದುಕೊಂಡು ಹೊರಡುವ ಅಪ್ಪ ಯೋಚಿಸುವುದು ಆ ಎರಡು ಕಿಲೋಮೀಟರಿನ ಬಗ್ಗೆ ಮಾತ್ರ. ಉದ್ಘಾಟನೆಗೆ ರಿಬ್ಬನ್ ಕಟ್ಟುವುದು ಪಾರ್ಕಿನೊಳಗಿನ ಚೆಂದದ ತುಂಡಿಗೆ. ದಾರಿ ಬಳಕೆಗೆ ಬರುತ್ತೋ ಇಲ್ಲವೋ ಅನ್ನುವುದು ತೀರ್ಮಾನ ಆಗುವುದು ಅದು ರಸ್ತೆ ದಾಟುವ ಜಾಗದಲ್ಲಿ.

ಉಳಿದ ಜಾಗವೇ ಗತಿ ಅಂತ ಯಾರು ಹೇಳಿದ್ದು ಅಂತ ಬೊಗೊಟಾದವರು ಕೇಳುತ್ತಾರೆ. ಕೊಲಂಬಿಯಾದ ಆ ರಾಜಧಾನಿಯಲ್ಲಿ 1974ರಿಂದ ಸಿಕ್ಲೊವಿಯಾ ನಡೆಯುತ್ತಾ ಬಂದಿದೆ. ಭಾನುವಾರ ಮತ್ತು ರಜಾ ದಿನ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು ರಸ್ತೆ ಕಾರುಗಳಿಗೆ ಬಂದ್. ಹಿತ್ತಲ ಸಂದಿಯಲ್ಲ, ಊರಿನ ಮುಖ್ಯ ರಸ್ತೆಗಳೇ. ನಡೆಯುವವರು, ಓಡುವವರು, ಸ್ಕೇಟಿಂಗ್‌ನವರು, ಸೈಕಲ್‌ನವರು ಎಲ್ಲರೂ ಒಂದೇ ದಾರಿಯಲ್ಲಿ. ಅಲ್ಲಿ ಮೂರು ಮೀಟರ್ ಅಲ್ಲ, ಇಡೀ ರಸ್ತೆಯ ಅಗಲ. ವೇಗದ ವ್ಯತ್ಯಾಸ ಅಲ್ಲೂ ಇದೆ. ಆದರೆ ಇಪ್ಪತ್ತರಲ್ಲಿ ಬರುವವನು ಐದರಲ್ಲಿ ಹೋಗುವವಳನ್ನು ದಾಟಲು ಅವಳ ತೋಳು ಸವರಬೇಕಾಗಿಲ್ಲ, ಬೆಲ್ಲೂ ಹೊಡೆಯಬೇಕಾಗಿಲ್ಲ. ಜನರಿಗೆ ಒಟ್ಟಿಗೆ ಇರಲು ಬರುವುದಿಲ್ಲ ಅನ್ನುವವರನ್ನು ಒಂದು ಭಾನುವಾರ ಅಲ್ಲಿಗೆ ಕಳಿಸಬೇಕು.

ಇ-ಬೈಕ್, ಅಂದರೆ ತುಳಿತಕ್ಕೆ ಮೋಟರ್ ಸಹಾಯ ಮಾಡುವ ಸೈಕಲ್, ಬಂದಮೇಲೆ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. ಯುರೋಪಿನ ನಿಯಮದಲ್ಲಿ ಮೋಟರ್ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮುಟ್ಟಿದ ಮೇಲೆ ಸಹಾಯ ಬಂದ್. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಮೂರು ದರ್ಜೆ ಇವೆ, ಮೂರನೆಯದು ಗಂಟೆಗೆ 28 ಮೈಲಿ, ಅಂದರೆ 45 ಕಿಲೋಮೀಟರ್ ತನಕ ನೂಕುತ್ತದೆ. ಇವನ್ನು ಪೂರ್ತಿ ನಿಷೇಧಿಸಿ ಅನ್ನುವವರ ಜೊತೆ ನಾನಿಲ್ಲ. ಅರವತ್ತು ದಾಟಿದವರು, ಮಂಡಿ ಹೋದವರು ಮತ್ತೆ ಸೈಕಲ್ ಹತ್ತಿದ್ದು ಇದರಿಂದ. ಅವರು ಹದಿನೈದಕ್ಕಿಂತ ಮೇಲೆ ಹೋಗುವುದೂ ಇಲ್ಲ. ಆದರೆ 45ರ ಗಾಡಿಗೆ ಮಗು ನಡೆಯುವ ದಾರಿಯಲ್ಲಿ ಜಾಗ ಇಲ್ಲ, ಅದಕ್ಕೆ ರಸ್ತೆ ಕೊಡಿ. ರಸ್ತೆಯಲ್ಲಿ ಭಯ ಆಗುತ್ತದೆ ಅನ್ನುತ್ತಾರೆ ಆ ಗಾಡಿಯವರು. ಅದೂ ನಿಜ. ದೊಡ್ಡವನ ಭಯಕ್ಕೆ ಓಡಿಬಂದವನು ಇಲ್ಲಿ ಚಿಕ್ಕವರಿಗೆ ದೊಡ್ಡವನಾಗುತ್ತಾನೆ.

ನಾನು ದಿನಾ ಹೋಗುವ ದಾರಿಯ ಬಗ್ಗೆ ಎರಡು ಮಾತು. ಕಟ್ಟಿದಾಗ ಮೂರು ಮೀಟರ್ ಇತ್ತು. ಈಗ ಇಲ್ಲ. ಪಕ್ಕದ ಸಾಲುಮರಗಳ ಬೇರು ಡಾಂಬರಿನ ಕೆಳಗೆ ನುಗ್ಗಿವೆ. ಡಾಂಬರಿನ ಅಡಿ ತೇವ ಆರುವುದಿಲ್ಲ, ಬೇರಿಗೆ ಅದು ಹಬ್ಬ. ಕೆಲವು ಕಡೆ ಅಂಚಿನಿಂದ ಎರಡು ಅಡಿ ಒಳಗಿನ ತನಕ ಉಬ್ಬಿ ಬಿರುಕು ಬಿಟ್ಟಿದೆ. ಅದರ ಮೇಲೆ ಸೈಕಲ್ ಹೋದರೆ ಹಲ್ಲು ಅದುರುತ್ತದೆ. ಹಾಗಾಗಿ ಎಲ್ಲರೂ ನಡುವಿಗೇ ಬರುತ್ತಾರೆ. ಆ ಕಡೆ ಬೇಲಿಯ ಬಳ್ಳಿ ಕತ್ತರಿಸದೆ ಅರ್ಧ ಮೀಟರ್ ಒಳಗೆ ಚಾಚಿದೆ. ಶುರುವಿನಲ್ಲಿ ಬೈಕ್ ನುಗ್ಗಬಾರದು ಅಂತ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಬೈಕ್‌ನವರು ಪಕ್ಕದ ಮಣ್ಣಿನಲ್ಲಿ ಆರಾಮಾಗಿ ನುಗ್ಗುತ್ತಾರೆ. ವೀಲ್‌ಚೇರ್, ಮೂರು ಚಕ್ರದ ಸೈಕಲ್, ಅವಳಿ ಮಕ್ಕಳ ಗಾಡಿ ಮಾತ್ರ ಅಲ್ಲೇ ನಿಲ್ಲುತ್ತವೆ. ಒಂದು ದಿನ ಟೇಪ್ ತಗೊಂಡು ಹೋಗಿ ಬೇರು ಉಬ್ಬಿದ ಒಂದು ಕಡೆ ಸಮತಟ್ಟಾಗಿ ಉಳಿದ ಅಗಲ ಅಳೆದೆ. ಎರಡು ಮೀಟರಿಗೆ ಒಂದು ಗೇಣು ಹೆಚ್ಚು. 'ಪರಸ್ಪರ ಗೌರವಿಸಿ, ದಾರಿ ಹಂಚಿಕೊಳ್ಳಿ' ಅನ್ನುವ ಹೊಸ ಬೋರ್ಡು ಹಾಕಿರುವುದೂ ಅಲ್ಲೇ. ಬೋರ್ಡಿನ ಕಂಬ ಕೂಡ ದಾರಿಯ ಒಳಗೇ ಇದೆ.

ಬೆಂಚುಗಳನ್ನೂ ಡಾಂಬರಿನ ಅಂಚಿಗೆ ಅಂಟಿಸಿಯೇ ಇಟ್ಟಿದ್ದಾರೆ. ಬೆಂಚು ಬೇಡ ಅಂತಲ್ಲ, ಇನ್ನೂ ಬೇಕು, ಸುಸ್ತಾದವರು ಮುಂದಿನ ಬೆಂಚು ಎಲ್ಲಿದೆ ಅಂತ ನೋಡಿಯೇ ಎಷ್ಟು ದೂರ ನಡೆಯಬೇಕು ಅಂತ ತೀರ್ಮಾನಿಸುತ್ತಾರೆ. ಆದರೆ ಕೂತವರು ಕಾಲು ಚಾಚುತ್ತಾರೆ. ಚಾಚಬೇಕು ಕೂಡ. ಆ ಕಾಲು ಅರವತ್ತು ಸೆಂಟಿಮೀಟರ್ ದಾರಿಯನ್ನು ತಿನ್ನುತ್ತದೆ. ಹಿಂದೆ ಹುಲ್ಲಿನ ಜಾಗ ಖಾಲಿ ಬಿದ್ದಿದೆ. ಬೆಂಚನ್ನು ಒಂದು ಮೀಟರ್ ಹಿಂದಕ್ಕೆ ಸರಿಸಿ, ಬಳ್ಳಿ ಕತ್ತರಿಸಿ, ಆ ಕಂಬ ಕಿತ್ತರೆ ಒಂದು ವಾರದ ಕೆಲಸ. ಬೇರಿಗೆ ಸ್ವಲ್ಪ ಜಾಸ್ತಿ ದಿನ ಬೇಕು, ಮರ ಕಡಿಯದೆ ಮಾಡಬೇಕಾದರೆ ಡಾಂಬರನ್ನು ಆ ಕಡೆಯಿಂದ ಎಬ್ಬಿಸಿ ದಾರಿಯನ್ನೇ ಒಂದಿಷ್ಟು ಈಚೆಗೆ ಹಾಕಬೇಕು. ಇದನ್ನೆಲ್ಲ ಬರೆದು, ಅಳತೆ ಹಾಕಿ, ಫೋಟೋ ಸಮೇತ ಸಂಬಂಧಪಟ್ಟವರಿಗೆ ಕಳಿಸಿದ್ದೇನೆ. ಬೋರ್ಡು ಇನ್ನೊಂದು ಹಾಕುತ್ತೇವೆ ಅಂತ ಉತ್ತರ ಬಂದಿದೆ.